ತಂತ್ರಾಂಶದ ಬೀಗವೂ ಕೊಳ್ಳುವವನ ಋಣವೂ

ನಮ್ಮ ಅಂಗಡಿಗಳಲ್ಲಿ, ಮನೆಗಳಲ್ಲಿ, ಬಸದಿಗಳ ಟ್ರಸ್ಟ್ ಕಚೇರಿಗಳಲ್ಲಿ ಗಣಕಯಂತ್ರವು ಬಂದು ಕುಳಿತು ಮೂರು ದಶಕಗಳೇ ಕಳೆದಿವೆ. ಯಂತ್ರಕ್ಕೆ ಕೊಟ್ಟ ಹಣಕ್ಕೆ ರಸೀತಿ ಇರುತ್ತದೆ. ಅದನ್ನಿಟ್ಟ ಮೇಜಿಗೂ ಇರುತ್ತದೆ. ಆದರೆ ಯಂತ್ರದ ಒಳಗಿದ್ದುಕೊಂಡು ಲೆಕ್ಕ ಬರೆಯುವ, ಪತ್ರ ಸಿದ್ಧಪಡಿಸುವ ತಂತ್ರಾಂಶಕ್ಕೆ ರಸೀತಿ ಎಲ್ಲಿ ಎಂದು ಕೇಳಿದರೆ ಅನೇಕ ಕಡೆ ಉತ್ತರ ದೊರೆಯುವುದಿಲ್ಲ. “ಅವರ ಬಳಿ ಇದ್ದುದನ್ನು ಪ್ರತಿ ಮಾಡಿಕೊಂಡೆವು, ಅವರದು ಅವರಲ್ಲಿಯೇ ಇದೆ, ಇದರಲ್ಲಿ ಯಾರದು ಕಳೆಯಿತು?” ಎಂಬ ಮಾತನ್ನು ಧರ್ಮಭೀರುಗಳಾದ ಗೃಹಸ್ಥರ ಬಾಯಿಂದಲೇ ಈ ಲೇಖಕನು ಹಲವು ಬಾರಿ ಕೇಳಿದ್ದಾನೆ. ತೂಕದಲ್ಲಿ ಒಂದು ಹಿಡಿ ಹೆಚ್ಚು ಬಂದರೆ ಹಿಂದಕ್ಕೆ ಕೊಡಿಸುವ ಜನ ಅವರು. ಆದುದರಿಂದ ಇದನ್ನು ಬರಿಯ ದುರಾಸೆಯೆಂದು ತಳ್ಳಿಹಾಕಲಾಗದು. ಪ್ರಶ್ನೆಯು ನಿಜವಾದುದು, ಅದಕ್ಕೆ ಐವತ್ತು ವರ್ಷಗಳ ಇತಿಹಾಸವೂ ಇದೆ. ಆ ಇತಿಹಾಸವನ್ನು ಅರಿಯದೆ ತೀರ್ಪು ಕೊಡುವುದು ಉಚಿತವಲ್ಲ.

ಆರಂಭದಲ್ಲಿ ತಂತ್ರಾಂಶವು ಪ್ರತ್ಯೇಕ ಸರಕೇ ಆಗಿರಲಿಲ್ಲ. ದೊಡ್ಡ ಯಂತ್ರಗಳನ್ನು ತಯಾರಿಸುತ್ತಿದ್ದ ಐ.ಬಿ.ಎಂ. ಸಂಸ್ಥೆಯು ಯಂತ್ರದೊಡನೆಯೇ ಅದನ್ನೂ ಕೊಡುತ್ತಿತ್ತು. ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಆ ಸಂಸ್ಥೆ ಪ್ರಕಟಿಸಿದ್ದು 1969ರ ಜೂನ್ ತಿಂಗಳಲ್ಲಿ. ಸಾಮಾನ್ಯ ಮನುಷ್ಯನು ಮನೆಯಲ್ಲಿಟ್ಟುಕೊಳ್ಳಬಲ್ಲ ಆಲ್ಟೇರ್ 8800 ಎಂಬ ಪುಟ್ಟ ಯಂತ್ರವು 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಬೇಸಿಕ್ ಭಾಷೆಯನ್ನು ಅಳವಡಿಸಿಕೊಟ್ಟವರು ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಎಂಬ ಇಬ್ಬರು ತರುಣರು. ಆ ತಂತ್ರಾಂಶವು ರಂಧ್ರಗಳುಳ್ಳ ಕಾಗದದ ಸುರುಳಿಯ ಮೇಲಿರುತ್ತಿತ್ತು. ಕ್ಯಾಲಿಫೋರ್ನಿಯದ ಹವ್ಯಾಸಿಗಳ ಸಂಘವೊಂದರ ಕೈಗೆ ಅಂಥ ಒಂದು ಸುರುಳಿ ಸಿಕ್ಕಿತು. ಅದರಿಂದ ಹತ್ತಾರು ಪ್ರತಿಗಳಾದವು. ಒಂದು ಪ್ರತಿ ಒಯ್ದವನು ಎರಡನ್ನು ಮಾಡಿ ತರಬೇಕೆಂಬುದು ಅಲ್ಲಿಯ ವಾಡಿಕೆಯಾಯಿತು.

1976ರ ಫೆಬ್ರವರಿ 3ರ ದಿನಾಂಕದ ಬಹಿರಂಗ ಪತ್ರವೊಂದರಲ್ಲಿ ಗೇಟ್ಸ್ ತಮ್ಮ ಕೋಪವನ್ನು ತೋಡಿಕೊಂಡರು. ಆಗ ಅವರಿಗೆ ವಯಸ್ಸು ಇಪ್ಪತ್ತು. ಯಂತ್ರ ಕೊಂಡವರಲ್ಲಿ ಬೇಸಿಕ್ ಅನ್ನು ಹಣ ಕೊಟ್ಟು ಪಡೆದವರು ನೂರಕ್ಕೆ ಹತ್ತು ಮಂದಿಗಿಂತಲೂ ಕಡಿಮೆ. ತಾವು ಬಳಸಿದ ಗಣಕದ ಸಮಯದ ಮೌಲ್ಯವೇ 40,000 ಡಾಲರಿಗೂ ಮಿಕ್ಕಿದ್ದು. ಬಂದ ಗೌರವಧನವನ್ನು ದುಡಿದ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳುವುದಿಲ್ಲ ಎಂದು ಅವರು ಲೆಕ್ಕ ಕೊಟ್ಟರು. ವಾಣಿಜ್ಯಶಾಸ್ತ್ರ ಓದಿದ ಈ ಲೇಖಕನಿಗೆ ಆ ಪತ್ರದಲ್ಲಿ ಹಿಡಿಸುವುದು ಅದರ ಕಟು ಮಾತಲ್ಲ, ಈ ಲೆಕ್ಕವೇ. ಯಂತ್ರಕ್ಕೆ ಹಣ ಕೊಡುವುದು ಸರಿ, ಬುದ್ಧಿಯ ದುಡಿಮೆಗೆ ಕೊಡುವುದು ಬೇಡ ಎಂಬ ಭಾವನೆ ಅದರಲ್ಲಿ ಬಯಲಾಗಿದೆ.

ಹವ್ಯಾಸಿಗಳ ಕಡೆಯೂ ಒಂದು ನ್ಯಾಯವಿತ್ತು. ಬೇಸಿಕ್ ಒಂದನ್ನೇ ಕೊಳ್ಳಹೋದರೆ ಅದರ ಬೆಲೆಯು ಯಂತ್ರದ ಬೆಲೆಯನ್ನೂ ಮೀರುತ್ತಿತ್ತು. ಬೆಲೆಯು ಹಿತವಾಗಿದ್ದರೆ ಜನ ಕೊಡುವರೇ ಎಂದು ಪರೀಕ್ಷಿಸಲು ಟಾಮ್ ಪಿಟ್‌ಮನ್ ಎಂಬ ತಂತ್ರಜ್ಞರು ಅದೇ 1976ರಲ್ಲಿ ‘ಟೈನಿ ಬೇಸಿಕ್’ ಎಂಬ ಚಿಕ್ಕ ರೂಪವನ್ನು ರಚಿಸಿ ಐದು ಡಾಲರಿಗೆ ಮಾರಿದರು. ನಕಲು ಮಾಡುವುದು ಅದಕ್ಕೂ ಅಷ್ಟೇ ಸುಲಭವಾಗಿತ್ತು, ಆದರೂ ಹಣ ಬಂದಿತು. ಇದು ಸಣ್ಣ ಘಟನೆ. ಮುಂದಿನ ಚರ್ಚೆಯ ಬೀಜವು ಮಾತ್ರ ಇಲ್ಲಿಯೇ ಇದೆ.

1980ರಲ್ಲಿ ಅಮೆರಿಕದ ಸಂಸತ್ತು ಕೃತಿಸ್ವಾಮ್ಯದ ಕಾನೂನಿಗೆ ತಿದ್ದುಪಡಿ ತಂದು, ತಂತ್ರಾಂಶವೂ ಗ್ರಂಥದಂತೆ ರಕ್ಷಣೆಗೆ ಅರ್ಹವೆಂಬುದನ್ನು ಸ್ಪಷ್ಟಪಡಿಸಿತು. ಪ್ರತಿಯ ಒಡೆಯನಾದವನು ಹಾಳಾದೀತೆಂಬ ಭಯಕ್ಕೆ ಮತ್ತೊಂದು ಪ್ರತಿಯನ್ನು ಮಾಡಿ ಇಟ್ಟುಕೊಳ್ಳಬಹುದೆಂದೂ ಅದು ಹೇಳಿತು. ಇಲ್ಲಿ ‘ಒಡೆಯ’ ಎಂಬ ಪದವನ್ನು ವಾಚಕರು ಗಮನಿಸಬೇಕು. ತಯಾರಕರು ಹೇಳಿದ್ದು ಬೇರೆಯೇ: “ನಾವು ನಿಮಗೆ ಇದನ್ನು ಮಾರುತ್ತಿಲ್ಲ, ಬಳಸಲು ಪರವಾನಗಿ ಕೊಡುತ್ತಿದ್ದೇವೆ.” ಫ್ಲಾಪಿ ಇದ್ದ ಲಕೋಟೆಯ ಮೇಲೆ ಚಿಕ್ಕ ಅಕ್ಷರಗಳಲ್ಲಿ ಕರಾರನ್ನು ಅಚ್ಚು ಮಾಡಿ, ಲಕೋಟೆಯನ್ನು ಹರಿದರೆ ಕರಾರಿಗೆ ಒಪ್ಪಿದಂತೆ ಎಂದು ಬರೆಯಲಾಗುತ್ತಿತ್ತು. ಒಳಗಿನ ಸರಕನ್ನು ನೋಡುವ ಮೊದಲೇ ಒಪ್ಪಿಗೆ ಕೊಡಬೇಕಾದ ಇಂಥ ಕರಾರು ನ್ಯಾಯಾಲಯಗಳಿಗೂ ತೊಡಕಾಯಿತು. 1991ರಲ್ಲಿ ಅಲ್ಲಿಯ ಒಂದು ಮೇಲ್ಮನವಿ ನ್ಯಾಯಾಲಯವು ಅದನ್ನು ಮಾನ್ಯ ಮಾಡಲಿಲ್ಲ. 1996ರಲ್ಲಿ ಇನ್ನೊಂದು ಮಾನ್ಯ ಮಾಡಿತು.

ಕರಾರು ಚಿಕ್ಕ ಅಕ್ಷರದಲ್ಲಿರಲಿ, ದೊಡ್ಡ ಅಕ್ಷರದಲ್ಲಿರಲಿ, ಅದು ಹೇಳುವುದು ಒಂದೇ ವಿಷಯ: ಎಷ್ಟು ಕೊಡಲಾಗಿದೆ, ಎಷ್ಟು ಕೊಡಲಾಗಿಲ್ಲ. ನಮ್ಮ ಆಚಾರ್ಯರು ಕಳವಿಗೆ ‘ಅದತ್ತಾದಾನ’ ಎಂಬ ಹೆಸರಿಟ್ಟರು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಎಂದು ಅರ್ಥ. ಒಡೆಯನಿಗೆ ಎಷ್ಟು ಕಡಿಮೆಯಾಯಿತು ಎಂಬ ಮಾತೇ ಆ ಹೆಸರಿನಲ್ಲಿಲ್ಲ. “ಯಾರದು ಕಳೆಯಿತು?” ಎಂದು ಕೇಳುವವರು ನಷ್ಟದ ಕಡೆ ನೋಡುತ್ತಾರೆ, ಅಚೌರ್ಯವ್ರತವು ಕೊಟ್ಟವನ ಕೈಯ ಕಡೆ ನೋಡುತ್ತದೆ. ಒಂದು ಯಂತ್ರಕ್ಕೆಂದು ಕೊಟ್ಟುದನ್ನು ಹತ್ತು ಯಂತ್ರಗಳಿಗೆ ಹಾಕಿದರೆ ಒಂಬತ್ತು ಅದತ್ತ. ಇಷ್ಟು ಸರಳವಾದ ಲೆಕ್ಕವು ಏಕೆ ಇಷ್ಟು ಗೋಜಲಾಯಿತು ಎಂಬುದಕ್ಕೆ ಕಾರಣವು ಮುಂದಿನ ಭಾಗದಲ್ಲಿದೆ. ಅದು ಬೀಗದ ಕಥೆ.

ಫ್ಲಾಪಿಯ ಮೇಲ್ಮೈಯನ್ನು ವರ್ತುಲಗಳಾಗಿಯೂ, ವರ್ತುಲಗಳನ್ನು ತುಂಡುಗಳಾಗಿಯೂ ವಿಭಾಗಿಸಿ ಮಾಹಿತಿಯನ್ನು ಬರೆಯಲಾಗುತ್ತಿತ್ತು. ಪ್ರತಿ ಮಾಡುವ ಸಾಮಾನ್ಯ ವಿಧಾನವು ಕ್ರಮಬದ್ಧವಾದ ತುಂಡುಗಳನ್ನು ಮಾತ್ರ ಓದಿ ಬರೆಯಬಲ್ಲದು. ಆದುದರಿಂದ ತಯಾರಕರು ಬೇಕೆಂದೇ ಒಂದು ತುಂಡನ್ನು ಕ್ರಮ ತಪ್ಪಿಸಿ ಬರೆದರು. ಕೆಲವರು ಡಿಸ್ಕಿನ ಮೇಲೆ ಒಂದು ಭೌತಿಕ ಗುರುತನ್ನೇ ಮಾಡಿದರು. ತಂತ್ರಾಂಶವು ಎದ್ದ ಕೂಡಲೇ ಆ ದೋಷವನ್ನು ಹುಡುಕುತ್ತಿತ್ತು. ದೋಷವಿದ್ದರೆ ಅದು ಅಸಲು. ಎಲ್ಲವೂ ಸರಿಯಾಗಿದ್ದರೆ ನಕಲು ಎಂದು ನಿಂತುಬಿಡುತ್ತಿತ್ತು. 1983ರ ಜನವರಿಯಲ್ಲಿ 495 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಲೋಟಸ್ 1-2-3 ಎಂಬ ಪ್ರಸಿದ್ಧ ಲೆಕ್ಕಪಟ್ಟಿಯ ತಂತ್ರಾಂಶವು ಹೀಗೆ ಅಸಲು ಫ್ಲಾಪಿಯನ್ನು ಯಂತ್ರದಲ್ಲಿ ಇಟ್ಟರಷ್ಟೇ ನಡೆಯುತ್ತಿತ್ತು. ಫ್ಲಾಪಿಯಾದರೋ ಧೂಳು, ತೇವ, ಅಯಸ್ಕಾಂತಗಳಿಗೆ ಹೆದರುವ ವಸ್ತು. ದಿನವೂ ಹಾಕಿ ತೆಗೆದು ಸವೆದ ಫ್ಲಾಪಿ ಕೆಟ್ಟಿತೆಂದರೆ, ಹಣ ಕೊಟ್ಟವನು ಕಂಪನಿಗೆ ಕಾಗದ ಬರೆದು ಕಾಯಬೇಕಿತ್ತು. ಬೀಗ ಒಡೆದು ನಕಲು ಮಾಡಿದವನಿಗೆ ಈ ತಾಪತ್ರಯವೇ ಇರಲಿಲ್ಲ. ಗಟ್ಟಿ ಡಿಸ್ಕಿಗೆ ಇಷ್ಟೇ ಸಲ ತುಂಬಬಹುದೆಂದು ಎಣಿಕೆ ಇಡುವ ಪದ್ಧತಿಯೂ ಬಂತು. ಡಿಸ್ಕು ಕೆಟ್ಟರೆ ಆ ಎಣಿಕೆಯೂ ಅದರೊಡನೆ ಹೋಗುತ್ತಿತ್ತು.

ಬೀಗ ಬಂದೊಡನೆ ಬೀಗ ತೆಗೆಯುವ ಸಾಧನಗಳೂ ಬಹಿರಂಗವಾಗಿಯೇ ಮಾರಾಟಕ್ಕೆ ಬಂದವು. ‘ಲಾಕ್‌ಸ್ಮಿತ್’, ‘ಕಾಪಿ ಟು ಪಿ.ಸಿ.’ ಮುಂತಾದವುಗಳ ಜಾಹೀರಾತುಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು; ಕೊಂಡ ಸರಕಿನ ರಕ್ಷಣೆಗೆ ಒಂದು ಪ್ರತಿ ಇಟ್ಟುಕೊಳ್ಳುವುದು ಬಳಕೆದಾರನ ಹಕ್ಕೆಂಬುದು ಅವುಗಳ ಸಮರ್ಥನೆ. ಬೀಗದ ತಯಾರಕರಾದ ವಾಲ್ಟ್ ಎಂಬ ಸಂಸ್ಥೆಯು, ಅದನ್ನು ನಿಷ್ಫಲಗೊಳಿಸುವ ಸಾಧನ ಮಾರುತ್ತಿದ್ದ ಕ್ವೇಡ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. 1988ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಕ್ವೇಡ್ ಪರವಾಗಿ ತೀರ್ಪಿತ್ತಿತು. ಆ ಸಾಧನಕ್ಕೆ ನ್ಯಾಯವಾದ ಉಪಯೋಗವೂ ಉಂಟು ಎಂಬುದು ತೀರ್ಪಿನ ಸಾರ. ಹತ್ತು ವರ್ಷಗಳ ನಂತರ, 1998ರ ಕಾನೂನಿನಲ್ಲಿ, ಅದೇ ದೇಶವು ಬೀಗ ಮುರಿಯುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತೆಂಬುದು ಬೇರೆ ಮಾತು.

ಬೀಗದ ಪಕ್ಷದವರ ಬಳಿಯೂ ಹೇಳಲು ಮಾತಿತ್ತು. ಬೀಗವಿದ್ದೂ ಲೋಟಸ್ ಸಂಸ್ಥೆಯ ಮೊದಲ ವರ್ಷದ ವ್ಯಾಪಾರ 53 ಮಿಲಿಯ ಡಾಲರಿನಷ್ಟಾಯಿತು. ಆದರೆ ದೊಡ್ಡ ಕಚೇರಿಗಳಲ್ಲಿ ನೂರಾರು ಯಂತ್ರಗಳಿಗೆ ನೂರಾರು ಫ್ಲಾಪಿಗಳನ್ನು ಕಾಯುವುದು ಅಸಾಧ್ಯವಾಗಿ, ಹಣ ಕೊಡುವ ಗಿರಾಕಿಗಳೇ ತಿರುಗಿಬಿದ್ದರು. 1980ರ ದಶಕದ ನಡುವಿನಿಂದ ಒಂದೊಂದಾಗಿ ಪ್ರಮುಖ ಸಂಸ್ಥೆಗಳು ಬೀಗವನ್ನು ಕೈಬಿಟ್ಟವು. ಲೋಟಸ್ ತಡವಾಗಿ, ದಶಕದ ಕೊನೆಗೆ ಬಿಟ್ಟಿತು. ಅದಕ್ಕೂ ಮುನ್ನವೇ, 1983ರ ಕೊನೆಯಲ್ಲಿ, ಬೋರ್ಲ್ಯಾಂಡ್ ಸಂಸ್ಥೆಯು ಟರ್ಬೋ ಪಾಸ್ಕಲ್ ಎಂಬ ತಂತ್ರಾಂಶವನ್ನು 49.95 ಡಾಲರಿಗೆ, ಯಾವ ಬೀಗವೂ ಇಲ್ಲದೆ ಮಾರತೊಡಗಿತ್ತು. ಆ ಸಂಸ್ಥೆಯ ಕರಾರು ಸಾಮಾನ್ಯರಿಗೆ ಅರ್ಥವಾಗುವಂತಿತ್ತು: ಇದನ್ನು ಪುಸ್ತಕದಂತೆ ಕಾಣಿರಿ, ಒಂದು ಪುಸ್ತಕವನ್ನು ಏಕಕಾಲದಲ್ಲಿ ಎರಡು ಊರುಗಳಲ್ಲಿ ಓದಲಾಗದಂತೆ ಇದನ್ನೂ ಏಕಕಾಲದಲ್ಲಿ ಎರಡು ಯಂತ್ರಗಳಲ್ಲಿ ಬಳಸಬೇಡಿರಿ ಎಂದು ಅದರ ಆಶಯ. ಆ ಕಾಲದ ವಕೀಲರ ಕರಾರುಗಳ ನಡುವೆ ಇಂಥದೊಂದನ್ನು ಓದಿದರೆ ಮನಸ್ಸಿಗೆ ಹಿತವೆನಿಸುತ್ತದೆ.

ಈಗ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಭಾಗಕ್ಕೆ ಬರುತ್ತೇವೆ. ವಾಷಿಂಗ್ಟನ್ ರಾಜ್ಯದಲ್ಲಿ ಜಿಮ್ ನಾಫ್ ಎಂಬ ಐ.ಬಿ.ಎಂ. ನೌಕರರಿದ್ದರು. ತಮ್ಮ ಊರಿನ ಚರ್ಚಿನ ಸದಸ್ಯರಿಗೆ ಪತ್ರ ಕಳುಹಿಸುವಾಗ ವಿಳಾಸದ ಚೀಟಿಗಳನ್ನು ಅಚ್ಚು ಮಾಡಲು ಅವರು ಒಂದು ತಂತ್ರಾಂಶವನ್ನು ಬರೆದುಕೊಂಡರು. ನಮ್ಮ ಟ್ರಸ್ಟುಗಳ ಕಾರ್ಯದರ್ಶಿಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಸ್ನೇಹಿತರು ಕೇಳಿದರು, ಕೊಟ್ಟರು. ಸ್ನೇಹಿತರ ಸ್ನೇಹಿತರೂ ಕೇಳಿದರು. ತಿದ್ದಿದ ರೂಪವನ್ನು ಎಲ್ಲರಿಗೂ ಅಂಚೆಯಲ್ಲಿ ಕಳಿಸುವ ಖರ್ಚು ಮೈಮೇಲೆ ಬಂದಾಗ, 1982ರಲ್ಲಿ, ತಂತ್ರಾಂಶದ ಒಳಗೇ ಒಂದು ವಿನಂತಿಯನ್ನು ಸೇರಿಸಿದರು: ಬಳಸಿರಿ, ಇತರರಿಗೂ ಕೊಡಿರಿ, ಉಪಯುಕ್ತವೆನಿಸಿದರೆ ಹತ್ತು ಡಾಲರ್ ಕಳುಹಿಸಿರಿ. ಹಣ ಬರುವುದೆಂದು ನಂಬಿದ್ದಕ್ಕೆ ಅವರ ಪತ್ನಿಯೇ ನಕ್ಕರೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬ ವಕೀಲ ಹಾಗೂ ಸಂಪಾದಕರು, ಒಬ್ಬರನ್ನೊಬ್ಬರು ಅರಿಯದೆಯೇ, ದೂರವಾಣಿಯ ಮೂಲಕ ಯಂತ್ರಗಳನ್ನು ಜೋಡಿಸುವ ತಮ್ಮ ತಂತ್ರಾಂಶವನ್ನು ಇದೇ ರೀತಿ ಹಂಚಲು ತೊಡಗಿದ್ದರು. ಇಬ್ಬರ ಫ್ಲಾಪಿಗಳೂ ಒಬ್ಬರ ಕೈ ಸೇರಿ, ಪರಿಚಯವಾಗಿ, ಇಬ್ಬರೂ ಒಂದೇ ಬೆಲೆಯನ್ನು, 25 ಡಾಲರನ್ನು, ಇಟ್ಟುಕೊಂಡು ಹೆಸರುಗಳನ್ನೂ ಪಿ.ಸಿ.-ಫೈಲ್, ಪಿ.ಸಿ.-ಟಾಕ್ ಎಂದು ಹೊಂದಿಸಿಕೊಂಡರು.

ನಾಫ್ 1984ರಲ್ಲಿ ನೌಕರಿಯನ್ನು ಬಿಟ್ಟರು. ಅವರ ಪುಟ್ಟ ಸಂಸ್ಥೆಯು ಉಚ್ಛ್ರಾಯದಲ್ಲಿದ್ದಾಗ 35 ಮಂದಿಗೆ ಕೆಲಸ ಕೊಟ್ಟು ವರ್ಷಕ್ಕೆ 45 ಲಕ್ಷ ಡಾಲರಿನ ವ್ಯಾಪಾರ ಮಾಡಿತು. (ಜರ್ಮನ್ ಭಾಷೆಯಲ್ಲಿ ನಾಫ್ ಎಂದರೆ ಗುಂಡಿ; ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಅವರು ‘ಬಟನ್’ ಎಂಬ ಹೆಸರಿನಲ್ಲಿ ವ್ಯವಹರಿಸಿದರು.) ಬಾಬ್ ವ್ಯಾಲೇಸ್ ಎಂಬುವರು ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭದ ನೌಕರರಲ್ಲೊಬ್ಬರು, ಅದನ್ನು ಬಿಟ್ಟು 1983ರಲ್ಲಿ ಪಿ.ಸಿ.-ರೈಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಹೊರತಂದರು. ಅವರ ಏರ್ಪಾಡನ್ನು ಕಂಡರೆ ನಮ್ಮ ಪೇಟೆಯ ಹಿರಿಯರು ಮೆಚ್ಚುತ್ತಿದ್ದರು. 75 ಡಾಲರ್ ಕೊಟ್ಟು ಹೆಸರು ನೋಂದಾಯಿಸಿಕೊಂಡವನಿಗೆ ತನ್ನದೇ ಸಂಖ್ಯೆಯುಳ್ಳ ಪ್ರತಿ ಸಿಗುತ್ತಿತ್ತು. ಆ ಸಂಖ್ಯೆಯ ಪ್ರತಿಯನ್ನು ಅವನಿಂದ ಪಡೆದ ಇನ್ನೊಬ್ಬನು ಹಣ ಕಟ್ಟಿದರೆ ಮೊದಲಿನವನಿಗೆ 25 ಡಾಲರ್ ದಲ್ಲಾಳಿ ಹೋಗುತ್ತಿತ್ತು. ಯಾವ ನಕಲನ್ನು ತಡೆಯಲು ಇತರರು ಹರಸಾಹಸ ಪಡುತ್ತಿದ್ದರೋ ಅದನ್ನೇ ವ್ಯಾಲೇಸ್ ತಮ್ಮ ಮಾರಾಟದ ಬಂಡಿಯನ್ನಾಗಿ ಮಾಡಿಕೊಂಡರು. ಈ ಪದ್ಧತಿಗೆ ‘ಶೇರ್‌ವೇರ್’ ಎಂಬ ಹೆಸರು ನಿಂತಿತು.

ಎಲ್ಲರೂ ಹಣ ಕಟ್ಟಿದರೆಂದು ಭಾವಿಸಬಾರದು. ಕಟ್ಟಿದವರು ಅಲ್ಪಸಂಖ್ಯಾತರೇ. ಹಾಗಾಗಿ ಮುಂದೆ ಬಂದ ಶೇರ್‌ವೇರ್‌ಗಳಲ್ಲಿ ಪ್ರತಿ ಸಲವೂ ಎದುರಿಗೆ ಬಂದು ನೆನಪಿಸುವ ಫಲಕ, ಗಡುವು ಮುಗಿದರೆ ನಿಲ್ಲುವ ಕಟ್ಟಳೆ, ಹಣ ಕಟ್ಟಿದವರಿಗೆ ಗುಪ್ತಸಂಖ್ಯೆ ಇವೆಲ್ಲ ಸೇರಿದವು. ಗುಪ್ತಸಂಖ್ಯೆಗಳನ್ನು ಕದ್ದು ಹಂಚುವವರೂ ಹುಟ್ಟಿಕೊಂಡರು. ಕಡತಗಳನ್ನು ಕುಗ್ಗಿಸುವ ವಿನ್‌ರಾರ್ ಎಂಬ ತಂತ್ರಾಂಶವು ಮಾತ್ರ 40 ದಿನಗಳ ಗಡುವು ಮುಗಿದ ಮೇಲೂ ನೆನಪಿಸುತ್ತಲೇ ಕೆಲಸ ಮಾಡಿಕೊಡುತ್ತದೆ. ಪರೀಕ್ಷೆಗೆಂದು ಕೊಟ್ಟದ್ದು ದತ್ತವೇ. ಗಡುವಿನ ನಂತರ ಇಟ್ಟುಕೊಂಡದ್ದು? ಹಣ ಬಾಕಿಯಿರುವ ಉದ್ದರಿ ಎಂಬುದು ಈ ಲೇಖಕನ ಅಭಿಪ್ರಾಯ. ಕೊಟ್ಟವನು ವಸೂಲಿಗೆ ಬರುವುದಿಲ್ಲವೆಂದು ಉದ್ದರಿಯು ತೀರುವುದಿಲ್ಲ.

ಇಲ್ಲಿ ಅರ್ಥಶಾಸ್ತ್ರದ ಒಂದು ಮಾತನ್ನು ಹೇಳಲೇಬೇಕು. “ದೊಡ್ಡ ಕಂಪನಿಗೆ ನಮ್ಮ ಹಣವಿಲ್ಲದಿದ್ದರೆ ಏನಾಗುತ್ತದೆ?” ಎಂದು ಜನ ಕೇಳುತ್ತಾರೆ. ದೊಡ್ಡ ಕಂಪನಿಗೆ ಅಷ್ಟೇನೂ ಆಗದಿರಬಹುದು. ನಕಲಿನಿಂದಲೇ ಅದರ ತಂತ್ರಾಂಶವು ಊರೂರಿಗೆ ರೂಢಿಯಾಗಿ, ಮುಂದೆ ಕೊಳ್ಳುವವರೂ ಅದನ್ನೇ ಕೊಳ್ಳುತ್ತಾರೆ. ಪೆಟ್ಟು ಬೀಳುವುದು ಬೇರೆಯವನಿಗೆ. ಐನೂರು ಡಾಲರಿನ ಸರಕು ಸೊನ್ನೆಗೆ ಸಿಗುವಾಗ ಮೂವತ್ತು ಡಾಲರಿಗೆ ಅದೇ ಕೆಲಸ ಮಾಡಿಕೊಡುವ, ಮನೆಯಲ್ಲಿ ಒಬ್ಬನೇ ಕುಳಿತು ಬರೆದ ಕರ್ತೃವಿನ ಸರಕನ್ನು ಯಾರು ಕೊಳ್ಳುತ್ತಾರೆ? ಅವನು ಕಂಪನಿಯೊಡನೆ ಬೆಲೆಯಲ್ಲಿ ಸ್ಪರ್ಧಿಸಬಲ್ಲ, ಸೊನ್ನೆಯೊಡನೆ ಸ್ಪರ್ಧಿಸಲಾರ. ಶ್ರೀಮಂತನಿಂದ ಕದ್ದೆವೆಂದು ಸಮಾಧಾನ ಪಟ್ಟುಕೊಳ್ಳುವವರು ಬಡವನ ಅಂಗಡಿಯನ್ನು ಮುಚ್ಚಿಸಿರುತ್ತಾರೆ.

ನಮ್ಮವರಿಂದ ಇನ್ನೊಂದು ಆಕ್ಷೇಪ ಬರುವುದುಂಟು. ಗ್ರಂಥವನ್ನು ಪ್ರತಿ ಮಾಡಿಸಿ ಹಂಚುವುದು ಶಾಸ್ತ್ರದಾನವಲ್ಲವೇ? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಸ್ತುತಿಸುವುದಿಲ್ಲವೇ? ಸ್ತುತಿಸುತ್ತೇವೆ, ಸ್ತುತಿಸಬೇಕು. ಆದರೆ ಅಂದು ಒಂದೊಂದು ಪ್ರತಿಗೂ ಓಲೆ ಬೇಕಿತ್ತು, ಲಿಪಿಕಾರನ ದಿನಗಳು ಬೇಕಿದ್ದವು. ಆ ವೆಚ್ಚವನ್ನು ದಾನಿಯೇ ಹೊತ್ತಳು. ಕವಿಯ ಜೀವನವು ಪ್ರತಿಗಳ ಮಾರಾಟವನ್ನು ಅವಲಂಬಿಸಿರಲಿಲ್ಲ, ಆಶ್ರಯದಾತರನ್ನು ಅವಲಂಬಿಸಿತ್ತು. ಕೊಟ್ಟವಳು ತನ್ನ ಧನವನ್ನು ಕೊಟ್ಟಳು. ಇಂದು ಪ್ರತಿ ಮಾಡುವವನು ತನ್ನದೇನನ್ನೂ ವ್ಯಯಿಸದೆ, ಪ್ರತಿಗಳಿಂದಲೇ ಜೀವಿಸಬೇಕಾದವನ ಧನವನ್ನು ಹಂಚುತ್ತಾನೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಅತ್ತಿಮಬ್ಬೆಗೆ ಮಾಡುವ ಅಪಚಾರ.

ಭಾರತದ ಕಡೆಗೆ ತಿರುಗೋಣ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಗಣಕದ ತಂತ್ರಾಂಶಗಳನ್ನು ಸೇರಿಸಲಾಯಿತು. 1995ರ ಮೇ 10ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ನಕಲೆಂದು ತಿಳಿದೂ ತಂತ್ರಾಂಶವನ್ನು ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವನಿಗೆ ನ್ಯಾಯಾಲಯವು ಸೆರೆವಾಸವನ್ನು ಬಿಡಬಹುದು. ನ್ಯಾಯವಾಗಿ ಪಡೆದವನು ರಕ್ಷಣೆಗಾಗಿ ಪ್ರತಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಬೀಗ ಮುರಿಯುವುದನ್ನು ಅಪರಾಧವೆಂದದ್ದು 2012ರ ತಿದ್ದುಪಡಿ. ಕಾನೂನು ಹೀಗಿದ್ದರೂ 1990ರ ದಶಕದಲ್ಲಿ ಯಂತ್ರ ಮಾರುವ ಅಂಗಡಿಯವರೇ ಎಲ್ಲವನ್ನೂ ತುಂಬಿಕೊಡುತ್ತಿದ್ದರು. ನಮ್ಮ ಅಂಗಡಿಗೆ ಯಂತ್ರ ಬಂದ ದಿನ, ತುಂಬಿದ ತಂತ್ರಾಂಶಗಳಿಗೆ ಬಿಲ್ಲು ಕೇಳಿದಾಗ ಮಾರಾಟಗಾರನು “ಅವೆಲ್ಲಾ ಫ್ರೀ ಸರ್” ಎಂದು ನಗುತ್ತಾ ಹೊರಟನು. ಅವನು ತನ್ನದಲ್ಲದುದನ್ನು ದಾನ ಮಾಡಿ ಉದಾರಿ ಎನಿಸಿಕೊಂಡನು.

ನಮ್ಮ ವರ್ತಕರೆಲ್ಲರೂ ಬಲ್ಲ ಟ್ಯಾಲಿಯ ಹುಟ್ಟು ಬೆಂಗಳೂರಿನಲ್ಲಿ ಆಯಿತು. ಜವಳಿ ಗಿರಣಿ ಮೊದಲಾದವುಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಎಂಬ ವರ್ತಕರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ದೊರೆಯದೆ, ಗಣಿತದ ಪದವೀಧರರಾದ ಮಗ ಭರತ್ ಅವರಿಂದಲೇ ಬರೆಯಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಸಂಸ್ಥೆ ನಿಂತಿತು. ಆ ಕಾಲದಲ್ಲಿ ಯಂತ್ರದ ಹಿಂಬದಿಗೆ, ಮುದ್ರಕದ ತಂತಿ ಸೇರುವ ಕಡೆಗೆ ಸಿಕ್ಕಿಸುವ ಒಂದು ಚಿಕ್ಕ ಲಾಕ್ ಅನ್ನು ಟ್ಯಾಲಿಯೊಡನೆ ಕೊಡುತ್ತಿದ್ದರು. ಅದಿಲ್ಲದಿದ್ದರೆ ತಂತ್ರಾಂಶವು ಪೂರ್ಣವಾಗಿ ನಡೆಯದು. ಭಾರತೀಯ ಲಿಪಿಗಳ ತಂತ್ರಾಂಶಗಳಿಗೂ ಇಂಥ ಲಾಕ್‌ಗಳಿದ್ದವು. ಅಂಗೈಯಲ್ಲಿ ಅಡಗುವ ಆ ಪ್ಲಾಸ್ಟಿಕ್ ತುಂಡನ್ನು ಮಾಲೀಕರು ರಾತ್ರಿ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದುದುಂಟು. ಬೀಗಕ್ಕೇ ಬೀಗ! ಈಗ ಆ ಕೆಲಸವನ್ನು ಅಂತರಜಾಲದ ಮೂಲಕ ದೃಢೀಕರಿಸುವ ಸಂಖ್ಯೆಯೇ ಮಾಡುತ್ತದೆ.

ದೂರದ ಕಂಪನಿಯ ಯಂತ್ರವನ್ನು ಕೇಳಿ ತೆರೆಯುವ ಬೀಗಕ್ಕೂ ತನ್ನದೇ ದೋಷವುಂಟು. ತನ್ನ ಹಳೆಯ ಸಿ.ಎಸ್.2 ತಂತ್ರಾಂಶಗಳನ್ನು ದೃಢೀಕರಿಸುತ್ತಿದ್ದ ಯಂತ್ರಗಳನ್ನು ಅಡೋಬಿ ಸಂಸ್ಥೆಯು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರು ಮತ್ತೆ ತುಂಬಿಕೊಳ್ಳಲಾಗದ ಸ್ಥಿತಿ ಬಂದಿತು. ಆದುದರಿಂದ 2013ರ ಆರಂಭದಲ್ಲಿ ಬೀಗವಿಲ್ಲದ ರೂಪವನ್ನು ಸಂಖ್ಯೆಯ ಸಮೇತ ಆ ಸಂಸ್ಥೆಯೇ ಒದಗಿಸಿತು. ಹಿಂದೆ ಕೊಂಡವರಿಗೆ ಮಾತ್ರ ಎಂದು ಅದು ಹೇಳಿದರೂ, ಎಂದೂ ಕೊಳ್ಳದವರು ದೊಡ್ಡ ಸಂಖ್ಯೆಯಲ್ಲಿ ಇಳಿಸಿಕೊಂಡರು. ಅದೇ ವರ್ಷ ಆ ಸಂಸ್ಥೆಯು ಹೊಸ ತಂತ್ರಾಂಶಗಳನ್ನು ಚಂದಾ ಪದ್ಧತಿಗೆ ತಿರುಗಿಸಿತು. ಕೊಳ್ಳುವುದು ಹೋಗಿ ಬಾಡಿಗೆ ಉಳಿಯಿತು.

ಬೆಲೆ ಕೊಡಲಾಗದ ಸಣ್ಣ ಟ್ರಸ್ಟು ಏನು ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಕರ್ತೃಗಳೇ ಮನಸಾರೆ ಕೊಟ್ಟ ತಂತ್ರಾಂಶಗಳು ಇಂದು ಬೇಕಾದಷ್ಟಿವೆ. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು, ಮುಂದಿನ ಆವೃತ್ತಿಗಳಿಗೆ ಬೆಲೆ ಬಂದಿತು, ಅದೂ ಅವರ ಹಕ್ಕೇ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಸರ್ಕಾರದ ಬೆಂಬಲದಿಂದ ಉಚಿತವಾಗಿ ದೊರೆಯಿತು. ಪತ್ರ ಮತ್ತು ಲೆಕ್ಕಪಟ್ಟಿಗಳಿಗೆ ಲಿಬ್ರೆಆಫೀಸ್, ಜಮಾಖರ್ಚಿಗೆ ಗ್ನೂಕ್ಯಾಶ್ ಇವೆ. ಪ್ರತಿ ಮಾಡಿ ಹಂಚುವುದಕ್ಕೂ ಇವುಗಳ ಪರವಾನಗಿಯಲ್ಲಿ ಅನುಮತಿಯಿದೆ. ಇವುಗಳ ಪ್ರತಿ ಮಾಡಿ ನೆರೆಯ ಬಸದಿಗೆ ಕೊಟ್ಟರೆ ಅದು ನಿಜವಾದ ದಾನ.

ಟ್ಯಾಲಿಯಲ್ಲಿಯೂ ವಿದ್ಯಾರ್ಥಿಗಳ ಕಲಿಕೆಗೆಂದು ಹಣವಿಲ್ಲದೆ ನಡೆಯುವ ಒಂದು ವ್ಯವಸ್ಥೆಯಿದೆ. ಅದರಲ್ಲಿ ತಿಂಗಳ 1, 2 ಮತ್ತು ಕೊನೆಯ ದಿನಾಂಕಗಳಿಗೆ ಮಾತ್ರ ಜಮಾಖರ್ಚು ಬರೆಯಬಹುದು. ಕೆಲವು ವರ್ಷಗಳ ಹಿಂದೆ ಒಂದು ದತ್ತಿಸಂಸ್ಥೆಯ ಲೆಕ್ಕವನ್ನು ನೋಡಿಕೊಡಬೇಕೆಂದು ಈ ಲೇಖಕನ ಮುಂದೆ ತಂದಿದ್ದರು. ವರ್ಷವಿಡೀ ಬಂದ ಕಾಣಿಕೆಗಳು, ಪೂಜೆಯ ಸಾಮಗ್ರಿಯ ಬಿಲ್ಲುಗಳು, ಪರ್ವದ ದಿನದ ಅನ್ನದಾನದ ಖರ್ಚು ಎಲ್ಲವೂ ಆ ಮೂರು ದಿನಾಂಕಗಳಲ್ಲಿಯೇ ಕುಳಿತಿದ್ದವು. ದಶಲಕ್ಷಣ ಪರ್ವದ ಹತ್ತು ದಿನಗಳ ಕಾಣಿಕೆಯೂ ಒಂದೇ ಸಾಲಿನಲ್ಲಿ, ತಿಂಗಳ ಕೊನೆಯ ದಿನಕ್ಕೆ ಜಮಾ ಆಗಿತ್ತು.